ಡಿಗ್ರಿ ಬೇಕಾ, ಕ್ರೆಡಿಟ್ ಬೇಕಾ: ರೌಂಡ್ ರಾಕಿನ ಗೆಳೆಯನಿಗೊಂದು ಪತ್ರ

(ಟೆಕ್ಸಾಸಿನ ರೌಂಡ್ ರಾಕ್ ಊರಿನಲ್ಲಿರುವ ಗೆಳೆಯನಿಗೆ ಬರೆದದ್ದು. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದರಿಂದ, ಅವನ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ.)

ಪ್ರಿಯ ಮಂಜು,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅದು ಮೆಸೇಜೋ ಭಾಷಣವೋ ಗೊತ್ತಾಗಲಿಲ್ಲ. ಒಟ್ಟಿನಲ್ಲಿ ನಿನ್ನ ಪ್ರಶ್ನೆ ಇಷ್ಟು: ಸೋಫಿಯಾದಂಥ ಆನ್‌ಲೈನ್ ಸೈಟಿಗೆ ತಿಂಗಳಿಗೆ 99 ಡಾಲರ್ ಕಟ್ಟಿ, ಮನೆಯಲ್ಲೇ ಕೂತು ಪಟಪಟ ಕ್ರೆಡಿಟ್ ಗುಡ್ಡೆ ಹಾಕಿ ಅಕೌಂಟಿಂಗ್ ಡಿಗ್ರಿ ಮುಗಿಸೋದಾ? ಇಲ್ಲಾ ಕಾಲೇಜಿಗೆ ಸೇರಿ ಗ್ರೇಡ್ ಬರುವ ಕೋರ್ಸುಗಳನ್ನೇ ಮಾಡೋದಾ? ನಿಮ್ಮ ಅಪಾರ್ಟ್‌ಮೆಂಟಿನವರು ಯಾರೋ "ಒಂದೇ ವರ್ಷದಲ್ಲಿ ಡಿಗ್ರಿ ಕೈಗೆ" ಅಂದರಂತೆ. ಸುಳ್ಳೇನಲ್ಲ ಮಾರಾಯ, ಹಾಗೆ ಮುಗಿಸಿದವರು ಇದ್ದಾರೆ. ಆ ಡಿಗ್ರಿಯನ್ನು ಆಮೇಲೆ ಯಾರಿಗೆ ತೋರಿಸಬೇಕು ಅನ್ನೋದನ್ನು ಮಾತ್ರ ಅವರು ಹೇಳಿದ ಹಾಗೆ ಕಾಣಲಿಲ್ಲ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ನೋಡು. ಇಲ್ಲಿಯ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಒಂದು ಕೋರ್ಸಿಗೆ ಮೂರರಂತೆ. ಸೋಫಿಯಾ, ಸ್ಟ್ರೇಟರ್‌ಲೈನ್, ಸ್ಟಡಿ ಡಾಟ್ ಕಾಮ್ ಇವು ಯಾವುವೂ ಕಾಲೇಜಲ್ಲ. ಅವುಗಳ ಕೋರ್ಸುಗಳನ್ನು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಅನ್ನುವ ಸಂಸ್ಥೆ ಪರಿಶೀಲಿಸಿ, "ಇದಕ್ಕೆ ಮೂರು ಕ್ರೆಡಿಟ್ ಕೊಡಬಹುದು" ಎಂದು ಶಿಫಾರಸು ಮಾಡುತ್ತದೆ. 1918ರಿಂದ ಇರುವ ಸಂಸ್ಥೆ, ಚಿಲ್ಲರೆಯದೇನಲ್ಲ. ಆದರೂ ಶಿಫಾರಸು ಶಿಫಾರಸೇ. ಕೊಡೋದು ಬಿಡೋದು ಕಾಲೇಜಿನ ಇಷ್ಟ. ಇನ್ನೊಂದು ದಾರಿ ಕ್ಲೆಪ್ ಪರೀಕ್ಷೆ. ಕಾಲೇಜ್ ಬೋರ್ಡ್ 1967ರಿಂದ ನಡೆಸುತ್ತಾ ಬಂದಿದೆ. ಅದರಲ್ಲಿ ಫೈನಾನ್ಶಿಯಲ್ ಅಕೌಂಟಿಂಗ್ ಕೂಡ ಇದೆ. ಸುಮಾರು 75 ಪ್ರಶ್ನೆ, 90 ನಿಮಿಷ. 20ರಿಂದ 80ರ ಅಳತೆಯಲ್ಲಿ 50 ಬಂದರೆ ಮೂರು ಕ್ರೆಡಿಟ್‌ಗೆ ಶಿಫಾರಸು. ಶಿವಮೊಗ್ಗದ ಆಡಿಟರ್ ಆಫೀಸಿನಲ್ಲಿ ಅಷ್ಟು ವರ್ಷ ಟ್ಯಾಲಿ ಕುಟ್ಟಿದ ನಿನಗೆ ಅದು ಕಷ್ಟವಾಗಲಿಕ್ಕಿಲ್ಲ.

ಹೀಗೆ ಬಂದ ಕ್ರೆಡಿಟ್‌ಗೆ ಗ್ರೇಡ್ ಇರುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಕೋರ್ಸಿನ ಹೆಸರು, ಕ್ರೆಡಿಟ್, ಮುಂದೆ ಪಾಸ್ ಅಂತಲೋ ವರ್ಗಾವಣೆ ಅಂತಲೋ ಒಂದು ಗುರುತು. ಅಷ್ಟೇ. ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಆ ಲೆಕ್ಕಕ್ಕೆ ಅದು ಬರುವುದಿಲ್ಲ. ಸೋಫಿಯಾದಲ್ಲಿ ನೀನು ಶೇಕಡಾ 71 ತೆಗೆದರೂ ಒಂದೇ, 99 ತೆಗೆದರೂ ಒಂದೇ.

ಇಂಥ ಕ್ರೆಡಿಟ್ಟನ್ನು ಧಾರಾಳವಾಗಿ ಒಪ್ಪುವ ಕಾಲೇಜುಗಳು ಇವೆ, ಹಳೆಯವೇ. ನಮ್ಮ ನ್ಯೂಜೆರ್ಸಿಯ ಥಾಮಸ್ ಎಡಿಸನ್, ನ್ಯೂಯಾರ್ಕಿನ ಎಕ್ಸೆಲ್ಸಿಯರ್, ಕನೆಕ್ಟಿಕಟ್ಟಿನ ಚಾರ್ಟರ್ ಓಕ್. ಮೂರೂ 1970ರ ದಶಕದ ಆರಂಭದಲ್ಲಿ, ಕೆಲಸ ಮಾಡಿಕೊಂಡೇ ಓದುವ ದೊಡ್ಡವರಿಗಾಗಿ ಶುರುವಾದವು. ಊರಲ್ಲಿ ಕರೆಸ್ಪಾಂಡೆನ್ಸ್ ಡಿಗ್ರಿ ಅಂದರೆ ಮೂಗು ಮುರಿಯುತ್ತಿದ್ದ ಹಾಗೆ ಇವನ್ನು ನೋಡಬೇಡ. ಮಾನ್ಯತೆ ಇರುವ ಕಾಲೇಜುಗಳು, ಗಟ್ಟಿ ಡಿಗ್ರಿ.

ಹಾಗಾದರೆ ನನ್ನ ತಕರಾರು ಏನು ಅಂತೀಯಾ? ನಿನಗೆ ಬೇಕಾಗಿರುವುದು ಸಿಪಿಎ, ಅಂದರೆ ನಮ್ಮೂರ ಸಿಎ ಇದ್ದ ಹಾಗೆ ಇಲ್ಲಿಯ ಅಕೌಂಟೆಂಟ್ ಲೈಸೆನ್ಸು. ಡಿಗ್ರಿ ಅದರ ಮೆಟ್ಟಿಲು ಮಾತ್ರ. ನಿನ್ನ ಮಾರ್ಕ್ಸ್ ಕಾರ್ಡನ್ನು ಕಾಲೇಜಿನವರು ಒಂದು ಕಣ್ಣಿಂದ ನೋಡಿದರೆ ಆ ಲೈಸೆನ್ಸು ಕೊಡುವ ರಾಜ್ಯದ ಅಕೌಂಟೆನ್ಸಿ ಬೋರ್ಡಿನವರು ಇನ್ನೊಂದು ಕಣ್ಣಿಂದ ನೋಡುತ್ತಾರೆ. ಕಾಲೇಜು "ಡಿಗ್ರಿ ಆಯ್ತು, ಶುಭವಾಗಲಿ" ಅನ್ನುತ್ತದೆ. ಬೋರ್ಡಿನವರು ಅದೇ ಕಾರ್ಡು ತೆಗೆದುಕೊಂಡು ಸಾಲು ಸಾಲಾಗಿ ಎಣಿಸುತ್ತಾರೆ. ಬೋರ್ಡಿಗೆ ಬೇಕಾದ್ದು ಮಾನ್ಯತೆ ಪಡೆದ ಕಾಲೇಜಿನ ಅಧಿಕೃತ ಮಾರ್ಕ್ಸ್ ಕಾರ್ಡು. ಸೋಫಿಯಾದ ಕಾಗದವನ್ನು ನೇರವಾಗಿ ಅವರ ಮುಂದೆ ಹಿಡಿದರೆ ಏನೂ ಆಗುವುದಿಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಯುಜಿಸಿ ಮಾನ್ಯತೆ ಕೆಲವು ವರ್ಷ ನಿಂತಿದ್ದಾಗ ನಮ್ಮ ಕಡೆಯ ಹುಡುಗರು ಎಷ್ಟು ಒದ್ದಾಡಿದರು ಅಂತ ನಿನಗೇ ಗೊತ್ತು. ಓದಿದ್ದು ನಿಜ, ಸರ್ಟಿಫಿಕೇಟ್ ಕೈಯಲ್ಲಿದ್ದದ್ದೂ ನಿಜ, ಎದುರು ಕೂತವನು ಒಪ್ಪಬೇಕಲ್ವಾ?

ಈಗ ನಿನ್ನ ಟೆಕ್ಸಾಸಿಗೆ ಬರೋಣ. ಅಲ್ಲಿ ಸಿಪಿಎ ಲೈಸೆನ್ಸಿಗೆ ಇಲ್ಲಿಯವರೆಗಿನ ದಾರಿ ಒಟ್ಟು 150 ಗಂಟೆ. ಗಂಟೆ ಅಂದರೂ ಕ್ರೆಡಿಟ್ ಅಂದರೂ ಒಂದೇ ಅಂತಿಟ್ಟುಕೋ. ಅದರೊಳಗೆ 27 ಗಂಟೆ ಮೇಲಿನ ಹಂತದ ಅಕೌಂಟಿಂಗ್ ಇರಬೇಕು. ಬಿಸಿನೆಸ್ ವಿಷಯಗಳು ಬೇರೆ, ಬೋರ್ಡು ಒಪ್ಪಿದ ನೀತಿಶಾಸ್ತ್ರದ ಕೋರ್ಸು ಬೇರೆ. "ಮೇಲಿನ ಹಂತ" ಅನ್ನೋದಕ್ಕೆ ಅಡಿಗೆರೆ ಹಾಕಿಕೋ. ಪ್ರಿನ್ಸಿಪಲ್ಸ್ ಆಫ್ ಅಕೌಂಟಿಂಗ್, ಶುರುವಿನ ಫೈನಾನ್ಶಿಯಲ್, ಶುರುವಿನ ಮ್ಯಾನೇಜೀರಿಯಲ್ ಇವು ಆ 27ರಲ್ಲಿ ಸೇರುವುದೇ ಇಲ್ಲ. ಕ್ಲೆಪ್‌ನಲ್ಲಿರುವ ಅಕೌಂಟಿಂಗ್ ಅದೇ ಶುರುವಿನದು. ತಿಂಗಳ ಚಂದಾದ ಸೈಟುಗಳಲ್ಲಿ ಬೇಗ ಮುಗಿಯುವ ಅಕೌಂಟಿಂಗ್ ಕೋರ್ಸುಗಳೂ ಹೆಚ್ಚಾಗಿ ಅವೇ. ಅಂದರೆ ಎಲ್ಲಿ ಅಗ್ಗವೋ ಅಲ್ಲಿ ನಿನಗೆ ಬೇಕಾದ ಸರಕಿಲ್ಲ.

ಅದಕ್ಕೇ ನಾನು ಹೇಳೋದು, ಇಂಗ್ಲಿಷು, ಚರಿತ್ರೆ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ, ಅರ್ಥಶಾಸ್ತ್ರದ ಮೊದಲ ಕೋರ್ಸು ಇವನ್ನೆಲ್ಲ ಅಗ್ಗದ ದಾರಿಯಲ್ಲಿ ಮುಗಿಸು. ಯಾರೂ ಕೇಳುವುದಿಲ್ಲ. ನಾನೂ ಒಂದಿಷ್ಟನ್ನು ಹಾಗೇ ಮುಗಿಸಿದ್ದು. ಮಾಡರ್ನ್ ಸ್ಟೇಟ್ಸ್ ಅಂತ ಒಂದು ಸಂಸ್ಥೆ ಇದೆ, ಅವರ ಉಚಿತ ಪಾಠ ಮುಗಿಸಿದರೆ ಕ್ಲೆಪ್ ಶುಲ್ಕವನ್ನೂ ಅವರೇ ಕಟ್ಟುತ್ತಾರೆ. ಕಡೆಗೆ ನೂರೋ ಇನ್ನೂರೋ ಡಾಲರಿನಲ್ಲಿ ಒಂದು ಸೆಮಿಸ್ಟರಿನ ಹೊರೆ ಇಳಿಯುತ್ತದೆ. ಆದರೆ ಇಂಟರ್‌ಮೀಡಿಯೇಟ್ ಅಕೌಂಟಿಂಗ್ ಒಂದು ಮತ್ತು ಎರಡು, ಆಡಿಟಿಂಗ್, ಟ್ಯಾಕ್ಸ್, ಕಾಸ್ಟ್, ಅಡ್ವಾನ್ಸ್ಡ್, ಇಷ್ಟನ್ನು ಮಾತ್ರ ಮೇಷ್ಟ್ರ ಕೈಗೆ ಸಿಕ್ಕಿಹಾಕಿಕೊಂಡೇ ಮಾಡು.

ಯಾಕೆ ಅನ್ನೋದಕ್ಕೆ ನಮ್ಮ ಸಂಜೆ ಕ್ಲಾಸಿನ ಒಂದು ಲೆಕ್ಕ ಹೇಳ್ತೀನಿ. ಒಂದು ಮೆಷಿನ್ನು ಐದು ವರ್ಷಕ್ಕೆ ಲೀಸ್. ವರ್ಷಕ್ಕೆ 10,000 ಡಾಲರ್, ಬಡ್ಡಿ ಶೇಕಡಾ 6. ಐದು ಕಂತಿನ ಇವತ್ತಿನ ಬೆಲೆ ಎಷ್ಟು? ಕಂತು ವರ್ಷದ ಕೊನೆಗೆ ಕಟ್ಟುವುದಾದರೆ 42,124. ವರ್ಷದ ಮೊದಲಿಗೇ ಕಟ್ಟುವುದಾದರೆ 44,651. ಅಷ್ಟೇ ಅಲ್ಲ, ಮೊದಲ ಕಂತನ್ನು ಅವತ್ತೇ ಕಟ್ಟಿದರೆ ಪುಸ್ತಕದಲ್ಲಿ ಸಾಲವಾಗಿ ಉಳಿಯೋದು 34,651. ಆಸ್ತಿಯ ಕಡೆಗೆ ಮಾತ್ರ 44,651 ಹಾಗೇ ನಿಲ್ಲುತ್ತದೆ. ಆಯ್ಕೆ ಪ್ರಶ್ನೆಯಲ್ಲಿ ಈ ಮೂರೂ ಅಂಕಿ ಎ, ಬಿ, ಸಿ ಅಂತ ಕೂತಿರುತ್ತವೆ. ಒಂದಕ್ಕೆ ಕ್ಲಿಕ್ ಮಾಡ್ತೀಯ, ತಪ್ಪಾದರೆ ಮತ್ತೆ ಮಾಡ್ತೀಯ, ಮುಂದೆ ಹೋಗ್ತೀಯ. ನಮ್ಮ ಮೇಷ್ಟ್ರು ಇಡೀ ಲೆಕ್ಕವನ್ನು ಐದು ವರ್ಷದ ಟೇಬಲ್ ಹಾಕಿ ಬರೆಸುತ್ತಿದ್ದರು. ಅರ್ಧ ಕ್ಲಾಸು ಮೊದಲ ಸಾಲಿನಲ್ಲೇ ಬಡ್ಡಿ ಹಾಕಿತ್ತು. ಕಂತು ಕಟ್ಟಿದ್ದು ಅವತ್ತೇ, ಒಂದು ದಿನವೂ ಕಳೆದಿಲ್ಲ, ಬಡ್ಡಿ ಎಲ್ಲಿಂದ ಬಂತು? ಮೇಷ್ಟ್ರು ಅಂಥ ಪ್ರತಿ ಟೇಬಲ್ಲಿನ ಮೊದಲ ಸಾಲಿಗೂ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ "ಯಾವ ದಿನದ ಬಡ್ಡಿ?" ಅಂತ ಬರೆದಿದ್ದರು. ಹತ್ತಕ್ಕೆ ಆರು. ಉಳಿದ ಸಾಲುಗಳ ಕ್ರಮ ಸರಿ ಇತ್ತಲ್ಲ, ಅದಕ್ಕೆ ಆರು.

ಗ್ರೇಡ್ ಅಂದರೆ ನನಗೆ ಅದು. ಟ್ರಾನ್ಸ್‌ಕ್ರಿಪ್ಟಿನ ಮೇಲಿನ ಎ, ಬಿ ಅಕ್ಷರಗಳ ಬಗ್ಗೆ ನನಗೆ ಅಂಥ ಭಕ್ತಿಯೇನಿಲ್ಲ. ನೀನು ಹೇಗೆ ಯೋಚಿಸಿದೆ ಅಂತ ಇನ್ನೊಬ್ಬರು ಕೂತು ಓದಿದರಲ್ಲ, ಬೆಲೆ ಇರುವುದು ಅದಕ್ಕೆ. ಸಿಪಿಎ ಪರೀಕ್ಷೆಯ ಎಫ್‌ಎಆರ್ (ಫೈನಾನ್ಶಿಯಲ್ ಅಕೌಂಟಿಂಗ್) ಭಾಗದಲ್ಲಿ ಅರ್ಧದಷ್ಟು ಅಂಕ ಆಯ್ಕೆ ಪ್ರಶ್ನೆಗೆ, ಇನ್ನರ್ಧ ಸಿಮ್ಯುಲೇಶನ್ನಿಗೆ, ಅಂದರೆ ಆಫೀಸಿನ ಕೆಲಸದಂಥ ಲೆಕ್ಕಗಳಿಗೆ. ಅಲ್ಲಿ ಇಂಥ ಟೇಬಲ್ಲುಗಳನ್ನೇ ತುಂಬಿಸುತ್ತಾರೆ. ಪಾಸಿಗೆ 75 ಬೇಕು. ಇಂಟರ್‌ಮೀಡಿಯೇಟನ್ನು ಎರಡು ವಾರದಲ್ಲಿ ಹಾರಿಸಿಕೊಂಡು ಬಂದವರು ಆ ಪಾಠವನ್ನು ಆಮೇಲೆ ರಿವ್ಯೂ ಕೋರ್ಸಿಗೆ ಸಾವಿರಾರು ಡಾಲರ್ ಸುರಿದು ಮೊದಲಿಂದ ಕಲಿಯೋದನ್ನು ನೋಡಿದ್ದೇನೆ. ಉಳಿಸಿದ್ದು ಅಲ್ಲಿಗೆ ಅಲ್ಲಿಗೇ.

ನಡುವಿನ ದಾರಿ ಒಂದಿದೆ, ಡಬ್ಲ್ಯೂಜಿಯು (ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ). 19 ರಾಜ್ಯಗಳ ಗವರ್ನರುಗಳು ಸೇರಿ 1997ರಲ್ಲಿ ಕಟ್ಟಿದ ವಿಶ್ವವಿದ್ಯಾಲಯ, ಯೂಟಾದಲ್ಲಿದೆ. ಆರು ತಿಂಗಳಿಗೆ ಹೆಚ್ಚುಕಮ್ಮಿ ನಾಲ್ಕು ಸಾವಿರ ಡಾಲರ್, ಅಷ್ಟರಲ್ಲಿ ಎಷ್ಟು ಕೋರ್ಸು ಮುಗಿಸಿದರೂ ಅದೇ ಫೀಸು. ಬೇಗ ಓದುವವರಿಗೆ ಹಬ್ಬ. ಅಕೌಂಟಿಂಗ್ ಡಿಗ್ರಿ ಇದೆ, ಮೇಲಿನ ಹಂತದ ಕೋರ್ಸುಗಳೂ ಇವೆ. ಆದರೆ ಅಲ್ಲೂ ಗ್ರೇಡಿಲ್ಲ. ಪಾಸಾದರೆ ಎಲ್ಲರಿಗೂ ಬಿ ದರ್ಜೆಗೆ ಸಮ, ಜಿಪಿಎ 3.0 ಅಂತ ಲೆಕ್ಕ. ಮುಂದೆ ಒಳ್ಳೆ ಕಡೆ ಮಾಸ್ಟರ್ಸ್ ಮಾಡಬೇಕು ಅಂದರೆ, ಇಲ್ಲವೇ ಜಿಪಿಎ 3.5 ಕೇಳುವ ದೊಡ್ಡ ಫರ್ಮಿನ ಕ್ಯಾಂಪಸ್ ಆಯ್ಕೆಗೆ ಹೋಗಬೇಕು ಅಂದರೆ ಅದು ಕಾಲಿಗೆ ತೊಡರುತ್ತದೆ. ನಮ್ಮಂಥ ಸಣ್ಣ ಫರ್ಮುಗಳಲ್ಲಿ ಜಿಪಿಎ ಕೇಳಿದ್ದು ನಾನು ಕಂಡಿಲ್ಲ. ಟ್ಯಾಕ್ಸ್ ಸೀಸನ್ನಿನಲ್ಲಿ ಕೂತು ಕೆಲಸ ಮಾಡ್ತಾನಾ, ಬ್ಯಾಂಕ್ ರೆಕನ್ಸಿಲಿಯೇಶನ್ ಮಾಡೋಕೆ ಬರುತ್ತಾ, ಇಷ್ಟೇ. ನಲವತ್ತರ ಹತ್ತಿರ ಬಂದವನು ನೀನು, ಕ್ಯಾಂಪಸ್ ಆಯ್ಕೆಯ ಚಿಂತೆ ಬಿಡು.

ಇನ್ನು ನಿನ್ನ ಹೆಂಡತಿಗೂ ಓದಿ ಹೇಳಬೇಕಾದ ಮಾತು. ನಿನಗೆ ಇನ್ನೊಂದು ಡಿಗ್ರಿ ನಿಜವಾಗಿ ಬೇಕಾ? ನಿನ್ನ ಹತ್ತಿರ ಕುವೆಂಪು ವಿಶ್ವವಿದ್ಯಾಲಯದ ಬಿಕಾಂ ಇದೆ. ಮೂರು ವರ್ಷದ್ದು ಅನ್ನುವ ಕಾರಣಕ್ಕೆ ಕೆಲವರು ಅದನ್ನು ಇಲ್ಲಿಯ ನಾಲ್ಕು ವರ್ಷದ ಡಿಗ್ರಿಗೆ ಸಮ ಅನ್ನುವುದಿಲ್ಲ, 90 ಕ್ರೆಡಿಟ್ ಅಂತ ಹಿಡಿಯುತ್ತಾರೆ. ಇನ್ನು ಕೆಲವರು ಡಿಗ್ರಿ ಅಂತಲೇ ಒಪ್ಪುತ್ತಾರೆ. ಅದು ಯಾರು ಮೌಲ್ಯಮಾಪನ ಮಾಡುತ್ತಾರೆ, ಕಾಲೇಜಿಗೆ ಯಾವ ನ್ಯಾಕ್ ದರ್ಜೆ ಇತ್ತು, ನಿನ್ನ ಕ್ಲಾಸು ಯಾವುದು ಇವುಗಳ ಮೇಲೆ ಹೋಗುತ್ತದೆ. ಬೋರ್ಡು ತಾನು ಒಪ್ಪಿದವರ ಮೌಲ್ಯಮಾಪನವನ್ನೇ ಕೇಳುತ್ತದೆ, ಆದ್ದರಿಂದ ಸಿಕ್ಕಸಿಕ್ಕವರಿಗೆ ದುಡ್ಡು ಕೊಡಬೇಡ. ಮೊದಲು ಬೋರ್ಡಿಗೆ ಇಮೇಲ್ ಮಾಡು.

ಅದನ್ನು ಡಿಗ್ರಿ ಅಂತ ಒಪ್ಪಿದರೆ ನಿನ್ನ ಕಥೆಯೇ ಬದಲಾಗುತ್ತದೆ. ಟೆಕ್ಸಾಸಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಆಗಲೇ ಡಿಗ್ರಿ ಇರುವವರು ಬೋರ್ಡು ಗುರುತಿಸಿದ ಕಮ್ಯುನಿಟಿ ಕಾಲೇಜುಗಳಲ್ಲಿ (ಸ್ಥಳೀಯ ಸರ್ಕಾರಿ ಕಾಲೇಜುಗಳು) ಮೇಲಿನ ಹಂತದ ಅಕೌಂಟಿಂಗ್ ಮಾಡಿಕೊಳ್ಳಬಹುದು. ನಿಮ್ಮ ಆಸ್ಟಿನ್ ಕಮ್ಯುನಿಟಿ ಕಾಲೇಜು ಅಂಥದ್ದೇ. ಗ್ರೇಡ್ ಇರುತ್ತದೆ, ಮೇಷ್ಟ್ರು ಇರುತ್ತಾರೆ, ಫೀಸು ವಿಶ್ವವಿದ್ಯಾಲಯದಷ್ಟಿಲ್ಲ. ಎಚ್-4 ಅವಲಂಬಿತ ವೀಸಾದಲ್ಲಿ ಇದ್ದುಕೊಂಡೇ ಓದಬಹುದು, ಎಫ್-1 ವಿದ್ಯಾರ್ಥಿ ವೀಸಾ ಬೇಕಿಲ್ಲ. ಸೋಫಿಯಾದ ಜಾಹೀರಾತು ನೋಡಿ ಕೂತವನಿಗೆ ಕಾರಿನಲ್ಲಿ ಹೋಗಿಬರುವ ದೂರದಲ್ಲೇ ಇದು ಇದೆ ಅಂತ ಯಾರೂ ಹೇಳಿಲ್ಲ ಅಂದರೆ ನನಗೆ ಸಿಟ್ಟು ಬರುತ್ತೆ.

150ರ ವಿಷಯವೂ ಸಡಿಲ ಆಗುತ್ತಿದೆ. 1983ರಲ್ಲಿ ಫ್ಲಾರಿಡಾ ಶುರು ಮಾಡಿದ ನಿಯಮ ಇದು. ಆಮೇಲೆ ದೇಶವೆಲ್ಲ ಹಿಂಬಾಲಿಸಿತು. ಡಿಗ್ರಿಯ 120 ಆದಮೇಲೆ ಉಳಿಯುವ 30ಕ್ಕೆ ಹೆಚ್ಚಾಗಿ ಯಾವ ವಿಷಯವಾದರೂ ನಡೆಯುತ್ತಿತ್ತು. ಈ ಅಗ್ಗದ ಕ್ರೆಡಿಟ್ಟುಗಳಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿದ್ದೇ ಅಲ್ಲಿ. ಅಕೌಂಟೆಂಟ್ ಆಗಬೇಕಾದವನು ಬರೀ ಭರ್ತಿಗೆ ಅಂತ ಆಹಾರ ವಿಜ್ಞಾನದ ಕೋರ್ಸು ಮಾಡೋದು, ಇದಕ್ಕಿಂತ ತಮಾಷೆ ಬೇಕಾ? 2025ರ ಆರಂಭದಲ್ಲಿ ಒಹಾಯೊ ಕಾನೂನು ಬದಲಿಸಿ, ಡಿಗ್ರಿ ಜೊತೆಗೆ ಎರಡು ವರ್ಷದ ಅನುಭವ ಇದ್ದರೂ ಸಾಕು ಅಂದಿತು. ಅದೇ ವರ್ಷ ಟೆಕ್ಸಾಸ್ ಕೂಡ ಅಂಥದ್ದೇ ದಾರಿಗೆ ಕಾನೂನು ಮಾಡಿತು. ಹಾಗಾಗಿ ಸುಮ್ನೆ ಸಂಖ್ಯೆ ತುಂಬಿಸೋಕೆ ಅಂತ ಈಗಲೇ ಏನನ್ನೂ ಕೊಳ್ಳಬೇಡ. ಅಕೌಂಟಿಂಗ್ ಕೋರ್ಸುಗಳ ಲೆಕ್ಕ ಮಾತ್ರ ಆ ದಾರಿಯಲ್ಲೂ ಇದ್ದೇ ಇರುತ್ತದೆ.

ಅಷ್ಟರಲ್ಲಿ ಕೈ ಖಾಲಿ ಇರಬಾರದು ಅಂದರೆ ಎನ್‌ರೋಲ್ಡ್ ಏಜೆಂಟ್ (ತೆರಿಗೆ ಸಲಹೆಗಾರರ) ಪರೀಕ್ಷೆ ನೋಡು. ಇಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್‌ನದು, ಮೂರು ಭಾಗ, ಪೂರ್ತಿ ಟ್ಯಾಕ್ಸು. ಯಾವ ಡಿಗ್ರಿಯನ್ನೂ ಕೇಳುವುದಿಲ್ಲ. ಕೆಲಸ ಮಾಡೋಕೆ ಪರವಾನಗಿಯಾದ ಇಎಡಿ ಕಾರ್ಡು ಕೈಯಲ್ಲಿದೆ ಅಂದೆಯಲ್ಲ, ಅದೊಂದು ಪಾಸಾದರೆ ಟ್ಯಾಕ್ಸ್ ಆಫೀಸಿನಲ್ಲಿ ಸೀಸನ್ ಕೆಲಸ ಕೇಳೋಕೆ ಧೈರ್ಯ ಬರುತ್ತೆ. ಈ ಪತ್ರದಲ್ಲಿ ನಿನಗೆ ಜಾಸ್ತಿ ಉಪಯೋಗಕ್ಕೆ ಬರೋದು ಬಹುಶಃ ಇದೇ ಪ್ಯಾರಾ ಅನಿಸುತ್ತೆ, ನೀನು ಕೇಳಿದ್ದು ಇದನ್ನಲ್ಲದಿದ್ದರೂ.

ಬಿಕಾಂನ ಎಲ್ಲ ವರ್ಷದ ಮಾರ್ಕ್ಸ್ ಕಾರ್ಡು ಸ್ಕ್ಯಾನ್ ಮಾಡಿ ಕಳಿಸು. ಯಾವುದಾದರೂ ಊರಲ್ಲೇ ಉಳಿದಿದ್ದರೆ ನಿನ್ನ ತಮ್ಮನಿಗೆ ಇವತ್ತೇ ಹೇಳು. ವಿಶ್ವವಿದ್ಯಾಲಯದಿಂದ ಸೀಲು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸೋಕೆ ಓಡಾಟ ಇದ್ದೇ ಇರುತ್ತದೆ, ಅದನ್ನು ಈಗಲೇ ಶುರು ಮಾಡಿಸು. ಬೋರ್ಡಿಗೆ ಬರೆಯುವ ಇಮೇಲನ್ನು ನಾವಿಬ್ಬರೂ ಕೂತು ಬರೆಯೋಣ. ಸೋಫಿಯಾಕ್ಕೆ ಕಾರ್ಡ್ ನಂಬರ್ ಕೊಟ್ಟಿದ್ದರೆ ಈ ತಿಂಗಳು ಸಂಖ್ಯಾಶಾಸ್ತ್ರ ಮುಗಿಸಿ ನಿಲ್ಲಿಸು, ಕೊಟ್ಟ ದುಡ್ಡು ಯಾಕೆ ಬಿಡ್ತೀಯ?

ಭಾನುವಾರ ಬೆಳಿಗ್ಗೆ ಫೋನ್ ಮಾಡು. ಏಪ್ರಿಲ್ 15 ಟ್ಯಾಕ್ಸಿನ ಕಡೆಯ ದಿನ, ಅದರ ಹಿಂದಿನ ವಾರ ಮಾತ್ರ ಬೇಡ, ಆ ಹೊತ್ತಿನಲ್ಲಿ ನಾನು ಯಾರ ಫೋನನ್ನೂ ಎತ್ತುವುದಿಲ್ಲ.

ನಿನ್ನ,
ರಘು