ಚಂಡೆಯೂ ಇದೆ, ಪದವೂ ಇದೆ: ಮುಂಬಯಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನೀನು ಡೊಂಬಿವಲಿ ಸ್ಟೇಶನ್ನಿನ ಗದ್ದಲದಲ್ಲಿದ್ದೆ. "ಮತ್ತೆ ಯಕ್ಷಗಾನದ ಆಟ ರೆಕಾರ್ಡ್ ಮಾಡಲು ಶುರು ಮಾಡಿದ್ದೇನೆ" ಅಂತ ನಾನು ಅಂದೆ. "ಹೌದಾ ಮಾರಾಯ!" ಅಂತ ನೀನು ಅಂದದ್ದು ಕೇಳಿತು, ಆಮೇಲೆ ಬರೀ ಟ್ರೈನಿನ ಸದ್ದು. ಹೇಳಬೇಕಾದದ್ದು ತುಂಬಾ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಹಾಗೆ ಯಕ್ಷಗಾನದ ಹುಚ್ಚಿರುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರ ಮುಂದೆ ಹಾಕುತ್ತಿದ್ದೇನೆ. ನಿನಗೆ ಬೇಸರ ಆಗುವುದಿಲ್ಲ ಅಂತ ಗೊತ್ತು.

ನಿನ್ನ ಭಾವ ದುಬೈಯಿಂದ ತಂದ ಟೂ-ಇನ್-ವನ್, ಆ ರೇಡಿಯೋ-ಟೇಪ್ ಸೆಟ್ಟು, ನೆನಪಿದೆಯಾ? ಆರು ದೊಡ್ಡ ಸೆಲ್ ಹಾಕಿದರೆ ಕೈ ಜಗ್ಗುತ್ತಿತ್ತು. ಬಟ್ಟೆ ಚೀಲದಲ್ಲಿ ಸುತ್ತಿಕೊಂಡು, ಗದ್ದೆ ಅಂಚಿನ ಮೇಲೆ ಟಾರ್ಚ್ ಹಿಡಿದು ಹೋಗುತ್ತಿದ್ದೆವು. ಇಬ್ಬರ ದುಡ್ಡು ಸೇರಿಸಿದರೂ ಮೂರು ಟೇಪಿಗಿಂತ ಜಾಸ್ತಿ ಬರುತ್ತಿರಲಿಲ್ಲ. ಒಂದೊಂದು ತೊಂಬತ್ತು ನಿಮಿಷದ್ದು. ಆಟ ರಾತ್ರಿ ಒಂಬತ್ತೂವರೆಯಿಂದ ಬೆಳಗಿನವರೆಗೆ. ನಮ್ಮ ಹತ್ತಿರ ಇದ್ದದ್ದು ನಾಲ್ಕೂವರೆ ಗಂಟೆ. ಹಾಗಾಗಿ ಆಟದ ಹಾಡುಗಾರರಾದ ಭಾಗವತರಲ್ಲಿ ಮುಖ್ಯರು ಪದಕ್ಕೆ, ಅಂದರೆ ಹಾಡಿಗೆ, ಕೂರುವವರೆಗೆ ಯಂತ್ರ ಮುಟ್ಟುತ್ತಿರಲಿಲ್ಲ. ಅವರು ಬಂದು ಜಾಗಟೆ ಕೈಗೆ ತೆಗೆದುಕೊಂಡ ಮೇಲೆ ನೀನು ನನ್ನ ಮೊಣಕೈ ತಿವಿಯುತ್ತಿದ್ದೆ. ಆಗ ನಾನು ಎರಡೂ ಗುಂಡಿ ಒಟ್ಟಿಗೆ ಒತ್ತುತ್ತಿದ್ದೆ.

ನಮ್ಮ ಪ್ರತಿಯೊಂದು ಟೇಪಿನಲ್ಲೂ ನಲವತ್ತೈದನೇ ನಿಮಿಷಕ್ಕೆ ಒಂದು ತೂತು. ಟೇಪು ಮುಗಿದ ಸದ್ದು ಕೇಳಿ, ಕತ್ತಲಲ್ಲಿ ತೆಗೆದು, ತಿರುಗಿಸಿ ಹಾಕಿ, ಮತ್ತೆ ಒತ್ತುವಷ್ಟರಲ್ಲಿ ರಭಸದ ಏರು ಪದ್ಯದ ಅರ್ಧ ಹೋಗಿರುತ್ತಿತ್ತು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಚಂಡೆ. ಕೋಲು ಬಿದ್ದ ಕೂಡಲೇ ಯಂತ್ರ ತಾನಾಗಿಯೇ ಶಬ್ದ ತಗ್ಗಿಸುತ್ತಿತ್ತು. ಚಂಡೆ ನಿಂತ ಮೇಲೆ ನಿಧಾನಕ್ಕೆ ಏರಿಸುತ್ತಿತ್ತು. ಅಷ್ಟರೊಳಗೆ ಭಾಗವತರ ಮುಂದಿನ ಸಾಲಿನ ಮೊದಲೆರಡು ಶಬ್ದ ನುಂಗಿ ಹೋಗಿರುತ್ತಿತ್ತು. ಮನೆಗೆ ಬಂದು ಕೇಳಿದರೆ ಆಟವೇ ಉಬ್ಬಸದಲ್ಲಿ ಉಸಿರಾಡಿದ ಹಾಗೆ. ಚಂಡೆ ಇದ್ದರೆ ಪದ ಇಲ್ಲ, ಪದ ಇದ್ದರೆ ಚಂಡೆ ಇಲ್ಲ. ನಮ್ಮ ಯಂತ್ರವೇ ಕೆಟ್ಟದ್ದು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಅಲ್ಲ. ಅಂಥ ಹೆಚ್ಚಿನ ಸೆಟ್ಟುಗಳಲ್ಲೂ ಶಬ್ದವನ್ನು ಒಂದೇ ಮಟ್ಟಕ್ಕೆ ತರುವ ಒಂದು ಸರ್ಕ್ಯೂಟ್ ಇರುತ್ತಿತ್ತು. ಮಾತು ಹಿಡಿಯುವುದಕ್ಕೆ ಅದು ಸರಿ. ಚಂಡೆಗೆ ಅಲ್ಲ.

1990ರಲ್ಲಿ ಭಾಗವತರಾದ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ಹೋದರಲ್ಲ, ಆ ದಿನ ನಾವಿಬ್ಬರೂ ಊಟ ಮಾಡಿರಲಿಲ್ಲ. ಮೂವತ್ತು ದಾಟಿ ಎಷ್ಟು ದಿನ ಆಗಿತ್ತು ಅವರಿಗೆ! ಈಗ ಹುಟ್ಟಿದ ಮಕ್ಕಳಿಗೂ ಅವರ ಕಂಠ ಗೊತ್ತಿದೆ ಅಂದರೆ ಅದಕ್ಕೆ ಒಂದು ಕಾರಣ ನಮ್ಮಂಥ ಹುಡುಗರು ರಂಗಸ್ಥಳದ ಬದಿಯಲ್ಲಿ ಟೇಪು ಹಿಡಿದು ಕೂತದ್ದು. ಗರಗರ ಇದೆ, ತೂತು ಇದೆ, ಆದರೂ ಇದೆ. ಆಮೇಲೆ ನೀನು ಮುಂಬಯಿಗೆ ಹೋದೆ. ನನಗೆ ಕೆಲಸ, ವರ್ಗ, ಮಕ್ಕಳ ಓದು. ಟೂ-ಇನ್-ವನ್ ಅಟ್ಟಕ್ಕೆ ಹೋಯಿತು. ಆಟ ನೋಡುವುದನ್ನು ಬಿಡಲಿಲ್ಲ, ಹಿಡಿದಿಡುವುದನ್ನು ಬಿಟ್ಟೆ.

ಮೂವತ್ತು ವರ್ಷ ಆದ ಮೇಲೆ ಮತ್ತೆ ಕೈ ಹಾಕಿದ್ದು ಒಂದು ಮನೆ ತಾಳಮದ್ದಳೆಯಿಂದ. ವೇಷ, ಕುಣಿತ ಇಲ್ಲದೆ ಕೂತೇ ಪದ, ಮಾತು ನಡೆಸುವುದು ಅದು. ಮಳೆಗಾಲ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯದೇ ಕಾಲ ಅಲ್ವಾ. ಕೃಷ್ಣ ಸಂಧಾನಕ್ಕೆ ಬರುವ ಕಥೆ. ಸುಮ್ನೆ ಇರಲಿ ಅಂತ ಮೊಬೈಲಿನಲ್ಲಿ ಹಿಡಿದೆ. ಮನೆಗೆ ಬಂದು ಕೇಳಿದರೆ ಅದೇ ಉಬ್ಬಸ! ಚಂಡೆಗೆ ತಗ್ಗುತ್ತದೆ, ನಿಧಾನಕ್ಕೆ ಏರುತ್ತದೆ, ಪದ ನುಂಗುತ್ತದೆ. ಸಾವಿರಾರು ರೂಪಾಯಿಯ ಫೋನು, ಮಾಡಿದ್ದು ಮಾತ್ರ ನಿನ್ನ ಭಾವನ ಟೂ-ಇನ್-ವನ್ ಮಾಡಿದ್ದನ್ನೇ. ಆದರೆ ಆ ರಾತ್ರಿ ದುರ್ಯೋಧನನ ಅರ್ಥ, ಅಂದರೆ ಅವನ ಪಾಲಿನ ಮಾತು, ಹೇಳಿದವರು ಎಂಥ ಮಾತು ಆಡಿದ್ದರು ಗೊತ್ತಾ! ಪದ ಪುಸ್ತಕದಲ್ಲಿ ಇರುತ್ತದೆ. ಅರ್ಥ ಎಲ್ಲಿಯೂ ಬರೆದಿರುವುದಿಲ್ಲ. ಆ ಹೊತ್ತಿಗೆ, ಎದುರಿನ ಕೃಷ್ಣ ಹೇಳಿದ್ದಕ್ಕೆ ಉತ್ತರವಾಗಿ ಹುಟ್ಟುವುದು ಅದು. ನಾಳೆ ಅದೇ ಇಬ್ಬರು ಅದೇ ಪದಕ್ಕೆ ಕೂತರೂ ಅದು ಬರುವುದಿಲ್ಲ. ಅದನ್ನು ಹಾಗೆ ಹಾಳು ಮಾಡಿಕೊಂಡೆನಲ್ಲ ಅಂತ ಎರಡು ದಿನ ನಿದ್ದೆ ಬರಲಿಲ್ಲ.

ಆ ಬೇಸರದಲ್ಲೇ ರೆಕಾರ್ಡರ್ ತರಿಸಿದೆ. ಝೂಮ್ ಎಂಬ ಜಪಾನಿನ ಕಂಪನಿಯದ್ದು, ಎಚ್1 ಎಸೆನ್ಷಿಯಲ್ ಅಂತ. 2024ರಲ್ಲಿ ಬಂದದ್ದು. ಹತ್ತು ಸಾವಿರದ ಆಸುಪಾಸು ಆಯಿತು. ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ನೂರು ಗ್ರಾಂ ಕೂಡ ಇಲ್ಲ. ತಲೆಯ ಮೇಲೆ ಎರಡು ಪುಟ್ಟ ಮೈಕು, ಒಂದಕ್ಕೊಂದು ಅಡ್ಡ ತಿರುಗಿಸಿ ಕೂರಿಸಿದ್ದಾರೆ. ಅದರಿಂದ ಎಡಕ್ಕೆ ಯಾರಿದ್ದಾರೆ, ಬಲಕ್ಕೆ ಯಾರಿದ್ದಾರೆ ಅಂತ ಕೇಳುವಾಗ ಗೊತ್ತಾಗುತ್ತದೆ.

ನಮಗೆ ಮುಖ್ಯವಾದದ್ದು ಬೇರೆ. ಇದರಲ್ಲಿ ಶಬ್ದದ ಮಟ್ಟ ಸರಿಮಾಡುವ ಗುಂಡಿಯೇ ಇಲ್ಲ. 32 ಬಿಟ್ ಫ್ಲೋಟ್ ಅನ್ನುತ್ತಾರೆ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಒಳಗೆ ಶಬ್ದವನ್ನು ಅಂಕಿಯಾಗಿ ಬದಲಿಸುವವರು ಇಬ್ಬರಿದ್ದಾರೆ ಅಂದುಕೋ. ಒಬ್ಬ ಮೆಲ್ಲನೆಯ ಸದ್ದಿಗೆ ಕಿವಿ ಕೊಡುತ್ತಾನೆ, ಇನ್ನೊಬ್ಬ ಜೋರಿನದಕ್ಕೆ. ಇಬ್ಬರು ಬರೆದದ್ದನ್ನು ಯಂತ್ರ ಸೇರಿಸಿ ಇಡುತ್ತದೆ. ಆಮೇಲೆ ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ, ಮೆಲ್ಲಗಿದ್ದದ್ದನ್ನು ಏರಿಸಿದರೆ ಹಿಂದಿನ ಹಾಗೆ ಸೊಯ್ ಅನ್ನುವ ಸದ್ದು ಮೇಲೆ ಬರುವುದಿಲ್ಲ. ಜೋರಾಗಿದ್ದದ್ದನ್ನು ಇಳಿಸಿದರೆ ಚಂಡೆಯ ಪೆಟ್ಟು ಒಡೆದಿರುವುದಿಲ್ಲ, ಇಡಿಯಾಗಿ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಫೈಲಿಗೆ ಮಿತಿ ಇಲ್ಲದಿದ್ದರೂ ಮೈಕಿಗೆ ಇದೆ. ಇದು ತಾಳುವುದು 120 ಡೆಸಿಬಲ್ ಜೋರಿನವರೆಗೆ. ಚಂಡೆಯ ಬಾಯಿಗೇ ಇಟ್ಟರೆ 32 ಬಿಟ್ ಕೂಡ ಕಾಪಾಡುವುದಿಲ್ಲ.

ಮೊದಲ ಸಲ ತೆಗೆದುಕೊಂಡು ಹೋದದ್ದೂ ಮನೆ ತಾಳಮದ್ದಳೆಗೇ. ಚಾವಡಿಯಲ್ಲಿ ಚಾಪೆ. ನಡುವೆ ಭಾಗವತರು, ಅವರ ಆಚೀಚೆ ಮದ್ದಳೆ, ಚಂಡೆ. ಅರ್ಥದವರು ಎರಡು ಬದಿಗೆ ಎದುರುಬದುರು. ಮೈಕ್ ಸೆಟ್ ಇರಲಿಲ್ಲ, ನನ್ನ ಪುಣ್ಯ. ಮೊದಲು ಹತ್ತು ನಿಮಿಷ ನಾನು ಬರೀ ಕಿವಿಗೊಟ್ಟು ಆಚೆ ಈಚೆ ನಡೆದೆ. ಒಂದು ಕಡೆ ನಿಂತಾಗ ಚಂಡೆ ತಲೆ ಮೇಲೆ ಬೀಳುತ್ತಿತ್ತು. ಎರಡು ಹೆಜ್ಜೆ ಈಚೆ ಬಂದು ಕೂತಾಗ ಪದ ಎದುರಿಗೆ ಬಂತು, ಚಂಡೆ ಅದರ ಹಿಂದೆ ಹೋಗಿ ನಿಂತಿತು. ಅಲ್ಲೇ ಸ್ಟ್ಯಾಂಡ್ ಇಟ್ಟೆ. ಭಾಗವತರಿಂದ ಆರೇಳು ಅಡಿ ದೂರ, ಕೂತವರ ತಲೆಗಿಂತ ಚೂರು ಎತ್ತರ. ಕೆಂಪು ಗುಂಡಿ ಒತ್ತಿದೆ. ಅಷ್ಟೇ ಕೆಲಸ. ನಾಲ್ಕು ಗಂಟೆ ಮತ್ತೆ ಮುಟ್ಟಲಿಲ್ಲ ಮಾರಾಯ! ಟೇಪು ಮುಗಿಯಿತಾ, ಸೆಲ್ ಇಳಿಯಿತಾ ಅಂತ ಒಂದು ಸಲವೂ ನೋಡಲಿಲ್ಲ. ಆ ಹೊತ್ತು ಪೂರ್ತಿ ಅವರ ಮುಖ ನೋಡಿಕೊಂಡೇ ಕೇಳಿದೆ. ನಾವು ಹುಡುಗರಾಗಿದ್ದಾಗ ರೆಕಾರ್ಡ್ ಮಾಡಿದ ಆಟಗಳಲ್ಲಿ ನಾನು ನಿಜವಾಗಿ ನೋಡಿದ್ದು ಎಷ್ಟು ಅಂತ ಆಗ ಹೊಳೆಯಿತು.

ನಡುವೆ ಮಳೆ ಹೊಡೆಯಿತು. ಹಂಚಿನ ಮಾಡಿನ ಮೇಲೆ ಎಂಥ ಮಳೆ! ಹಾಳಾಯಿತು ಅಂದುಕೊಂಡೆ. ಅರ್ಥದವರು ಒಂದು ಕ್ಷಣ ನಿಂತರು, ಸ್ವರ ಏರಿಸಿ ಮುಂದುವರಿಸಿದರು.

ಮರುದಿನ ಹೆಡ್‌ಫೋನ್ ಹಾಕಿ ಕೂತೆ. ಭಾಗವತರು ಪದ ಎತ್ತುವ ಮೊದಲು ಉಸಿರು ಎಳೆದುಕೊಂಡದ್ದು ಕೇಳುತ್ತದೆ. ಪ್ರಸಂಗ ಪುಸ್ತಕದ ಹಾಳೆ ಮಗುಚಿದ್ದು ಕೇಳುತ್ತದೆ. ಮದ್ದಳೆಯ ಎಡದ ಬದಿಗೆ ಅಂಗೈ ಬಿದ್ದದ್ದು ಬೇರೆ, ಬಲಕ್ಕೆ ಬೆರಳು ಬಿದ್ದದ್ದು ಬೇರೆ. ಚಂಡೆ ಏರುತ್ತಾ ಏರುತ್ತಾ ಹೋಗಿ ಸಟ್ಟನೆ ನಿಂತಾಗ, ಆ ನಿಶ್ಶಬ್ದದಲ್ಲಿ ಭಾಗವತರ ಸ್ವರ ಅದೇ ಎತ್ತರದಲ್ಲಿ, ಒಂದು ಅಕ್ಷರವೂ ಕಳೆಯದೆ ನಿಂತಿದೆ. ಚಂಡೆಯೂ ಇದೆ, ಪದವೂ ಇದೆ. ಮಳೆಯೂ ಇದೆ. ಮಳೆಯನ್ನು ನಾನು ತೆಗೆಯುವುದಿಲ್ಲ. ಆ ರಾತ್ರಿ ಅವರು ಸ್ವರ ಏರಿಸಿದ್ದು ಯಾಕೆ ಅಂತ ಕೇಳಿದವರಿಗೆ ತಿಳಿಯಬೇಕಲ್ಲ.

ಬಯಲಾಟ ಇಷ್ಟು ಸುಲಭ ಇಲ್ಲ. ಮೊದಲ ಸಲ ಸೌಂಡಿನ ಹುಡುಗನ ಮಿಕ್ಸರಿನಿಂದ ನೇರ ವಯರ್ ಎಳೆದುಕೊಂಡೆ. ಪದ, ಮಾತು ಎಲ್ಲ ಚೊಕ್ಕ. ಚಂಡೆ ಮಾತ್ರ ಹೊಳೆ ಆಚೆಯಿಂದ ಬಂದ ಹಾಗೆ. ಚಂಡೆ ತಾನೇ ಜೋರಲ್ವಾ, ಅದರ ಮೈಕು ಅವನು ಏರಿಸುವುದೇ ಇಲ್ಲ. ಹಾಗಾಗಿ ವಯರಿನೊಳಗೆ ಅದು ಬರುವುದೂ ಇಲ್ಲ. ಇನ್ನೊಮ್ಮೆ ಕಡಲ ಬದಿಯ ಗದ್ದೆಯಲ್ಲಿ ನಡುರಾತ್ರಿ ಗಾಳಿ ಎದ್ದು ಒಂದು ಗಂಟೆಯ ಆಟ ಭುಸ್ ಭುಸ್ ಆಯಿತು. ಅದು ನನ್ನ ತಪ್ಪು. ಗಾಳಿ ತಡೆಯಲು ಮೈಕಿಗೆ ಸ್ಪಂಜಿನ ಟೋಪಿ ಸಾಕು ಅಂದುಕೊಂಡಿದ್ದೆ. ಬಯಲಿಗೆ ರೋಮದ ಟೋಪಿಯೇ ಬೇಕು. ಈಗ ಅದಿಲ್ಲದೆ ಹೊರಡುವುದಿಲ್ಲ. ಜಾಗವೂ ಗೊತ್ತಾಗಿದೆ: ಸ್ಪೀಕರ್‌ ಪೆಟ್ಟಿಗೆಯಿಂದ ದೂರ, ಭಾಗವತರ ಮಂಚಕ್ಕೆ ಹತ್ತಿರ.

ಲೆಕ್ಕ ಕೇಳುತ್ತೀಯಲ್ಲ, ಹೇಳುತ್ತೇನೆ. 48 ಕಿಲೋಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಶಬ್ದ ಅಳೆಯುವ ಹಾಗೆ, ಇಟ್ಟರೆ ಗಂಟೆಗೆ ಸುಮಾರು 1.4 ಜಿಬಿ. ಎಂಟು ಗಂಟೆಯ ಆಟಕ್ಕೆ ಹನ್ನೊಂದು ಜಿಬಿ ಆಸುಪಾಸು. ಉಗುರಿನಷ್ಟು ಅಗಲದ 32 ಜಿಬಿ ಕಾರ್ಡಿನಲ್ಲಿ ಎರಡು ರಾತ್ರಿ ಹಿಡಿಯುತ್ತದೆ. ರಿಮೋಟಿಗೆ ಹಾಕುವ ಸಣ್ಣ ಸೆಲ್ ಎರಡು. ರಾತ್ರಿಯಿಡೀ ಇರುವ ಆಟಕ್ಕೆ ಪವರ್ ಬ್ಯಾಂಕ್ ಸಿಕ್ಕಿಸುತ್ತೇನೆ.

"ಎಲ್ಲ ಲೈವ್ ಬರುತ್ತದಲ್ಲ, ನಿಮ್ಮದು ಯಾಕೆ?" ಅಂತ ಕೇಳುವವರಿದ್ದಾರೆ. ದೊಡ್ಡ ಮೇಳದ ದೊಡ್ಡ ಆಟ ಲೈವ್ ಬರುತ್ತದೆ, ನಿಜ, ಒಳ್ಳೆಯದೇ. ಮೂಲೆಯ ಊರಿನ ಹರಕೆ ಆಟಕ್ಕೆ, ಇಪ್ಪತ್ತು ಜನ ಕೂತ ಮನೆ ತಾಳಮದ್ದಳೆಗೆ ಕ್ಯಾಮೆರಾ ಯಾರು ತರುತ್ತಾರೆ? ಅಲ್ಲಿ ಹಾಡುವವರಲ್ಲಿ ಹಳೆಯ ಮಟ್ಟು, ಅಂದರೆ ಹಾಡುವ ಧಾಟಿ, ತಿಳಿದವರು ಇದ್ದಾರೆ. ಎಪ್ಪತ್ತು ದಾಟಿದವರು. ನಾನು ಹೋಗುವುದು ಅವರಿಗಾಗಿ. ಕೇಳದೆ ಮಾತ್ರ ಗುಂಡಿ ಒತ್ತುವುದಿಲ್ಲ. ಒಬ್ಬರು ಭಾಗವತರು "ಮಾಡಿ, ಆದರೆ ಎಲ್ಲಿಯೂ ಹಾಕಬೇಡಿ, ಇವತ್ತು ಗಂಟಲು ಸರಿ ಇಲ್ಲ" ಅಂದರು. ಹಾಕಲಿಲ್ಲ. ಪೆನ್ ಡ್ರೈವಿನಲ್ಲಿ ತುಂಬಿ ಅವರ ಮನೆಗೆ ಕೊಟ್ಟು ಬಂದೆ. ಒಂದು ವಾರದ ಮೇಲೆ ಅವರೇ ಫೋನ್ ಮಾಡಿ, ಮೊಮ್ಮಗಳಿಗೆ ಕಲಿಸಲು ಇನ್ನೊಂದು ದಿನ ಬಂದು ಹಿಡಿಯಿರಿ ಅಂದರು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಅಟ್ಟದಿಂದ ನಮ್ಮ ಹಳೆಯ ಟೇಪುಗಳನ್ನು ಇಳಿಸಿದೆ. ನಮ್ಮ ಕಡೆಯ ತೇವಕ್ಕೆ ಅರ್ಧಕ್ಕರ್ಧ ಬಿಳಿ ಬೂಸ್ಟು ಹಿಡಿದಿತ್ತು. ಟೇಪು ಹಾಕುವ ಒಳ್ಳೆಯ ಡೆಕ್ ಒಂದನ್ನು ರಿಪೇರಿ ಮಾಡಿಸಿ, ಅದರಿಂದ ಇದೇ ರೆಕಾರ್ಡರಿಗೆ ವಯರ್ ಕೊಟ್ಟು ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದೇನೆ. ಬೆಳಗಿನ ಜಾವದ ಭಾಗದಲ್ಲಿ ಭಾಗವತರ ಶ್ರುತಿ ಏರಿ ಹೋಗಿರುತ್ತದಲ್ಲ, ಅವರು ಏರಿಸಿದ್ದಲ್ಲ. ಹಿಡಿಯುವಾಗ ಸೆಲ್ ಇಳಿದು ನಮ್ಮ ಟೇಪು ನಿಧಾನಕ್ಕೆ ಓಡಿತ್ತು. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಗಡಿಬಿಡಿ, ಶ್ರುತಿಯೂ ಮೇಲೆ. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಹೊಸ ಸೆಲ್ ಇದ್ದ ಮೊದಲ ಟೇಪಿನ ಶ್ರುತಿ ಯಾವ ಮನೆ, ಅಂದರೆ ಯಾವ ಕೀ, ಅಂತ ಹಾರ್ಮೋನಿಯಂನಲ್ಲಿ ನೋಡಿಕೊಂಡು, ಕೊನೆಯ ಟೇಪನ್ನು ಅದೇ ಮನೆಗೆ ಇಳಿಸುತ್ತೇನೆ. ಇಳಿಸಿದ ಕೂಡಲೇ ಸ್ವರದ ಗುರುತು ಹತ್ತುತ್ತದೆ. ಮೊನ್ನೆ ಹಾಗೆ ಮಾಡುವಾಗ ತಿರುಗಿಸಿ ಹಾಕಿದ ತೂತಿನ ಆಚೆ ನಿನ್ನ ದನಿ ಕೇಳಿತು. "ಒತ್ತಿದೆಯಾ?" ಅಂತ. ನಲವತ್ತು ವರ್ಷಕ್ಕೆ ಹತ್ತಿರ ಬಂತು.

ನಾವಡರ ಟೇಪು ಮಾತ್ರ ಇಲ್ಲಿಲ್ಲ. ನೀನು ಮುಂಬಯಿಗೆ ಹೋಗುವಾಗ ಟ್ರಂಕಿನಲ್ಲಿ ಇಟ್ಟುಕೊಂಡು ಹೋದೆ. ಇದ್ದರೆ ದಯವಿಟ್ಟು ಹಾಕಿ ನೋಡಬೇಡ. ಬೂಸ್ಟು ಹಿಡಿದ ಟೇಪು ಡೆಕ್ಕಿಗೆ ಸುತ್ತಿಕೊಂಡರೆ ಮುಗಿಯಿತು. ಸುಮ್ನೆ ಕಿಟಕಿ ಬೆಳಕಿಗೆ ಹಿಡಿದು ನೋಡು. ಟೇಪಿನ ಹಿಂದೆ, ನಡುವಿನಲ್ಲಿ, ತೆಳ್ಳಗಿನ ಲೋಹದ ಪಟ್ಟಿಯ ಮೇಲೆ ಒಂದು ಪುಟ್ಟ ಉಣ್ಣೆಯ ತುಂಡು ಇರಬೇಕು. ಅದು ಉದುರಿದ್ದರೂ ಹೆದರಬೇಡ, ನನ್ನ ಹತ್ತಿರ ಬೇರೆ ಟೇಪಿನ ಡಬ್ಬಿ ಇದೆ, ಒಳಗಿನ ಸುರುಳಿಯನ್ನು ಅದಕ್ಕೆ ಬದಲಿಸುತ್ತೇನೆ. ಪೋಸ್ಟಿಗೆ ಹಾಕಬೇಡ. ದೀಪಾವಳಿಗೆ ಬರುತ್ತೀಯಲ್ಲ, ಕೈಯಲ್ಲೇ ತಾ. ಅಷ್ಟರೊಳಗೆ ಮೇಳಗಳೂ ಹೊರಡುವ ಹೊತ್ತಾಗುತ್ತದೆ. ನಾಲ್ಕು ದಿನ ಜಾಸ್ತಿ ರಜೆ ಹಾಕು. ಸ್ಟ್ಯಾಂಡ್ ಹೊರಲು ಒಬ್ಬರು ಬೇಕು.

ನಿನ್ನ ಗೆಳೆಯ