ಮಗಳಿಗೊಂದು ಪತ್ರ: ಪೊವಿಸ್ ಕೋಟೆಯ ಡೇರೆ

ಶ್ರೀರಂಗಪಟ್ಟಣ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಹಳೆಯ ಬಟ್ಟೆಗಳನ್ನು ಕಾಪಾಡುವ ಕೆಲಸ ಬ್ರಿಟನ್ನಿನಲ್ಲಿಯೇ ಸಿಕ್ಕಿತು, ಸದ್ಯಕ್ಕೆ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದೆಯಂತೆ. ಸಂತೋಷ. ವೇಲ್ಸ್‌ನ ಪೊವಿಸ್ ಕೋಟೆ ನೋಡಿ ಹಿಂತಿರುಗುವಾಗ ಕಾರಿನಲ್ಲಿ ಆದ ಮಾತು ಇಬ್ಬರಿಗೂ ಗೊತ್ತಿದೆ, ಕೆದಕುವುದು ಬೇಡ. ಆದರೆ ಅಲ್ಲಿ ನೋಡಿದ ಟಿಪ್ಪುವಿನ ಆ ಡೇರೆಯ ವಿಷಯ ನನ್ನ ಮಟ್ಟಿಗೆ ಮುಗಿದಿಲ್ಲ.

"ಇಲ್ಲಿಗೆ ಬಂದದ್ದಕ್ಕೇ ಉಳಿಯಿತು ಅಪ್ಪ, ನಮ್ಮಲ್ಲಿದ್ದಿದ್ದರೆ ಎಂದೋ ಚಿಂದಿಯಾಗುತ್ತಿತ್ತು" ಎಂದೆ. ಶಾಮಿಯಾನ ಬಾಡಿಗೆಗೆ ಕೊಟ್ಟು ನಿನ್ನನ್ನು ಓದಿಸಿದವನಿಗೆ ಬಟ್ಟೆ ಹೇಗೆ ಚಿಂದಿಯಾಗುತ್ತದೆಂದು ಗೊತ್ತಿಲ್ಲವೇ? ಮೊದಲು ಹೋಗುವುದು ಹಗ್ಗ ಕಟ್ಟುವ ಮೂಲೆ, ಆಮೇಲೆ ಮಳೆನೀರು ನಿಲ್ಲುವ ಜಾಗ. ಅಷ್ಟು ಹೊತ್ತು ನಿಂತು ನಾನು ಹುಡುಕಿದ್ದು ಅದನ್ನೇ. ಬಿಳಿ ಹತ್ತಿಬಟ್ಟೆ, ಅದರ ಮೇಲೆ ಸಾಲು ಸಾಲು ಹೂದಾನಿ, ಹೂವು. ಕೆಂಪು ಇನ್ನೂ ಕೆಂಪಾಗಿಯೇ ಇದೆ! 1799ರಲ್ಲಿ ನಮ್ಮ ಕೋಟೆ ಬಿದ್ದ ಮೇಲೆ ಹೋದದ್ದು. ಪೊವಿಸ್‌ನ ಕ್ಲೈವ್ ಮನೆತನದವರೇನು ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೇ? ತೋಟದ ಔತಣಗಳಿಗೆ ಎಳೆದು ಕಟ್ಟುತ್ತಿದ್ದರು, ನಾನು ಮದುವೆ ಮನೆಗೆ ಕಟ್ಟುವ ಹಾಗೆ. ಈಗ ಅದನ್ನಿಟ್ಟಿರುವ, ಕೋಟೆಯೊಳಗಿನ ಕ್ಲೈವ್ ಮ್ಯೂಸಿಯಂ ತೆರೆದದ್ದೇ 1987ರಲ್ಲಿ. ಡೇರೆ ಉಳಿದದ್ದು ಅವರ ಜೋಪಾನದಿಂದ ಅಷ್ಟೇ ಅಲ್ಲ. ಅಳಲೆಕಾಯಿ, ಪಟಿಕ ಹಾಕಿ ಬಣ್ಣ ಕಚ್ಚಿಸುತ್ತಿದ್ದ ನಮ್ಮ ಬಣ್ಣಗಾರರ ಕೈಗುಣದಿಂದ. ಇದನ್ನು ಮರೆತು ಆ ಕೆಲಸಕ್ಕೆ ಕೂರಬೇಡ. (ನನ್ನ ಕೈಗೆ ಸಿಕ್ಕಿದ್ದರೆ ನಾನೂ ಬಾಡಿಗೆಗೆ ಬಿಡುತ್ತಿದ್ದೆನೇನೋ, ಅದು ಬೇರೆ ಮಾತು.)

ಹದಿಮೂರನೆಯ ಶತಮಾನದ ಆ ಕೆಂಪು ಕಲ್ಲಿನ ಕೋಟೆಯ ಚರಿತ್ರೆಯನ್ನು ನೀನು ವಿವರಿಸುವಾಗ ಪಕ್ಕದವರೂ ನಿಂತು ಕೇಳಿದರು. ಆಗ ಎದೆಯುಬ್ಬಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೆದುರು "ಯಾವಾಗ ವಾಪಸು ಕೊಡುತ್ತೀರಿ" ಎಂದು ಕೇಳಿ ನಿನಗೆ ಮುಜುಗರ ತಂದೆನೇನೋ. ಆದರೆ ಕೇಳಿದ್ದು ತಪ್ಪೆಂದು ನನಗೆ ಅನ್ನಿಸಿಲ್ಲ.

ಇನ್ನು ಕೇಳು. ಮನೆಯ ಕರಾರು ಪೂರ್ತಿ ಓದದೆ ಸಹಿ ಹಾಕಬೇಡ. ಮೊದಲ ಸಂಬಳದಿಂದಲೇ ಸಾಲದ ಕಂತು ಕಟ್ಟು. ಕೆಲಸ ಕೊಟ್ಟವರೆಂದು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲಂತೆ, ಕೆಲಸ ಮುಗಿಸಿ ಒಬ್ಬಳೇ ನಡೆದು ಬರುತ್ತೀಯಾ? ಬೇಡ, ಬಸ್ಸಿಗೆ ಕಾಯಿ. ನೀನೇ ಹೇಳಿದ ಆ ಷಾರ್ಲಟ್ ಕ್ಲೈವ್, 1800ರಲ್ಲಿ ತಾಯಿಯ ಜೊತೆ ನಮ್ಮ ಊರಿಗೆ ಬಂದ ಹುಡುಗಿ, ಆ ಚಿಕ್ಕ ವಯಸ್ಸಿನಲ್ಲೇ ಪ್ರವಾಸದ ದಿನಚರಿ ಬರೆದಳಲ್ಲ. ತಿಂಗಳಿಗೊಂದು ಕಾಗದ ನಿನ್ನಿಂದ ಆಗದೇ?

ಅಮ್ಮ ಸಾರಿನ ಪುಡಿ ಕುಟ್ಟಿಸಿಟ್ಟಿದ್ದಾಳೆ. ಹೊಸ ಮನೆಯ ವಿಳಾಸ ತಿಳಿಸು.

ನಿನ್ನ ಅಪ್ಪ