ಮಳೆಗೆ ಮೊದಲೇ ರಕ್ತ ಸಂಗ್ರಹಿಸಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಎದುರಾಗುವ ರಕ್ತದ ಕೊರತೆಗೆ ಉತ್ತರ ಕನ್ನಡದ ಆಸ್ಪತ್ರೆಗಳು ಬೇಸಿಗೆಯಲ್ಲೇ ಸಿದ್ಧತೆ ಮಾಡಿಕೊಳ್ಳಬೇಕು. ಏಪ್ರಿಲ್, ಮೇ ಬಂತೆಂದರೆ ಕಾಲೇಜುಗಳಿಗೆ ರಜೆ. ಶಿಬಿರಗಳಿಗೆ ಆಸರೆಯಾದ ಯುವ ದಾನಿಗಳು ಸಿಗುವುದಿಲ್ಲ. ಅದರ ಬೆನ್ನಿಗೇ ಡೆಂಗಿ, ಅಪಘಾತಗಳ ಕಾಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಹೊರ ಜಿಲ್ಲೆಯಿಂದ ರಕ್ತ ತರಿಸಬಹುದೆಂದು ನೆಚ್ಚಿ ಕೂರಲಾಗದು.

ಶಿಬಿರಗಳೇನೋ ನಡೆಯುತ್ತವೆ. ಆದರೆ ಹೆಚ್ಚಾಗಿ ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ನಡುವೆ ನಾಯಕರ ಹುಟ್ಟುಹಬ್ಬ (ಫೋಟೊ ಚೆನ್ನಾಗಿ ಬರುತ್ತದೆ, ಬಿಡಿ). ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನವಷ್ಟೇ ಇಡಬಹುದು. ರಕ್ತ ಕೊಟ್ಟ ಪುರುಷರು ಮತ್ತೆ ಕೊಡಲು 90 ದಿನ, ಮಹಿಳೆಯರು 120 ದಿನ ಕಾಯಬೇಕು. ಊರಿನ ದಾನಿಗಳೆಲ್ಲ ಒಂದೇ ದಿನ ತೋಳು ಚಾಚಿದರೆ ಆಮೇಲೆ ಉಳಿಯುವುದು ‘ಓ ನೆಗೆಟಿವ್ ತುರ್ತಾಗಿ ಬೇಕು’ ಎಂಬ ದಿನಾಂಕವಿಲ್ಲದ ವಾಟ್ಸ್‌ಆ್ಯಪ್ ಸಂದೇಶ. ರೋಗಿ ಗುಣವಾಗಿ ಮನೆ ಸೇರಿದ ಮೇಲೂ ಅದು ಗುಂಪಿನಿಂದ ಗುಂಪಿಗೆ ಅಲೆಯುತ್ತಿರುತ್ತದೆ, ಮನೆಯವರಿಗೆ ಕರೆಗಳೂ ನಿಲ್ಲುವುದಿಲ್ಲ.

ಕಾರವಾರ, ಕುಮಟಾ, ಶಿರಸಿ ಭಾಗದ ಆಸ್ಪತ್ರೆಗಳು ಸಂಘ-ಸಂಸ್ಥೆಗಳೊಂದಿಗೆ ಕುಳಿತು ವರ್ಷದ ಶಿಬಿರಗಳನ್ನು ಸರದಿಯಂತೆ ಹಂಚಿಕೊಳ್ಳಲಿ. ಅಪರೂಪದ ಗುಂಪಿನ ದಾನಿಗಳ ಪಟ್ಟಿ ತಾಲ್ಲೂಕುವಾರು ಸಿದ್ಧವಿರಲಿ. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳ ದಿನವನ್ನು ದಾಸ್ತಾನು ನೋಡಿಕೊಂಡೇ ನಿಗದಿಪಡಿಸಲಿ. ಆ ದಾಸ್ತಾನಿನ ವಿವರ ಇ-ರಕ್ತಕೋಶ ಜಾಲತಾಣದಲ್ಲಿ ಮಾತ್ರವಲ್ಲ, ಆಸ್ಪತ್ರೆಯ ಬಾಗಿಲಲ್ಲೂ ಪ್ರತಿದಿನ ಬೆಳಿಗ್ಗೆ ಜನರಿಗೆ ಕಾಣುವಂತಿರಲಿ.

– ಓದುಗ, ಕುಮಟಾ